ಅನಿಮೆ ಮಕ್ಕಳ ಕಾರ್ಟೂನಾ? ನೋಡಿದರೆ ಫಿಟ್ಸ್ ಬರುತ್ತದಾ? ಫಾರ್ವರ್ಡ್‌ಗಳ ಹಿಂದಿನ ನಿಜ

ಜಪಾನಿನ ಅನಿಮೆ ಬಗ್ಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮೂರು ಬಗೆಯ ಮಾತು ಸುತ್ತುತ್ತಿರುತ್ತದೆ. ಅದು ಕಾರ್ಟೂನ್, ಮಕ್ಕಳು ನೋಡಿಕೊಳ್ಳಲಿ ಎನ್ನುವುದು ಒಂದು. ಜಪಾನಿನ ಕಾರ್ಟೂನುಗಳು ಮುಂದಾಗುವುದನ್ನು ಮೊದಲೇ ಹೇಳಿದ್ದವು ಎನ್ನುವುದು ಇನ್ನೊಂದು. ಅನಿಮೆ ನೋಡಿದ ಮಕ್ಕಳಿಗೆ ಫಿಟ್ಸ್ ಬರುತ್ತದೆ, ಕೂಡಲೇ ಎಲ್ಲರಿಗೂ ಕಳಿಸಿ ಎನ್ನುವುದು ಮೂರನೆಯದು. ಮೊದಲನೆಯದು ತಪ್ಪು, ಎರಡನೆಯದು ಕಾಕತಾಳೀಯ. ಮೂರನೆಯದರಲ್ಲಿ ಒಂದು ಚೂರು ನಿಜವಿದೆ, ಉಳಿದದ್ದು ಭಯ.

ಇದು ಬೆಂಗಳೂರಿನ ಕಾಲೇಜು ಹುಡುಗರ ವಿಷಯ, ನಮಗೇನು ಎಂದುಕೊಳ್ಳಬೇಡಿ. ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಭೂಸನೂರಿನಂಥ ಊರಿನಲ್ಲೂ ಮನರಂಜನೆ ಈಗ ಟಿವಿಯಿಂದ ಮೊಬೈಲಿಗೆ ಬಂದಿದೆ. ಕಬ್ಬು ಕಟಾವಿನ ದಿನಗಳಲ್ಲಿ ದೊಡ್ಡವರು ಹೊಲದಲ್ಲೋ ಸಕ್ಕರೆ ಕಾರ್ಖಾನೆಯಲ್ಲೋ ಇದ್ದರೆ ಮನೆಯಲ್ಲಿ ಫೋನ್ ಹುಡುಗರ ಕೈಗೆ ಹೋಗುತ್ತದೆ. "ಕಾರ್ಟೂನ್ ನೋಡ್ಲತ್ತಾನ, ನೋಡ್ಲಿ ಬಿಡ್ರಿ" ಎಂದು ಬಿಟ್ಟರೆ, ಆ ಪರದೆಯ ಮೇಲೆ ಇರುವುದು ದೊಡ್ಡವರಿಗೆಂದೇ ಮಾಡಿದ ಕತೆಯೂ ಆಗಿರಬಹುದು.

ಅನಿಮೆ ಅಂದರೆ ಏನು?

ಜಪಾನಿನಲ್ಲಿ ತಯಾರಾಗುವ ಅನಿಮೇಷನ್ ಚಿತ್ರ ಮತ್ತು ಸರಣಿಗಳಿಗೆ ಅನಿಮೆ ಎನ್ನುತ್ತಾರೆ. ಅದರ ಮೂಲ ಎಷ್ಟೋ ಸಲ ಮಂಗಾ, ಅಂದರೆ ಜಪಾನಿ ಚಿತ್ರಕತೆಯ ಪುಸ್ತಕ. ನಮ್ಮಲ್ಲಿ ಇದು ಹೊಸತೇನಲ್ಲ. 1990ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬರುತ್ತಿದ್ದ ಮೋಗ್ಲಿಯ 'ಜಂಗಲ್ ಬುಕ್' ನೆನಪಿದೆಯೇ? ಅದು ಜಪಾನಿನಲ್ಲಿ ತಯಾರಾದ ಸರಣಿ. ಆಮೇಲೆ ಬಂದ ಡೋರೆಮಾನ್, ಪೋಕೆಮಾನ್, ಶಿನ್‌ಚಾನ್ ಕೂಡ ಅಲ್ಲಿಯವೇ.

ಅನಿಮೆ ಎನ್ನುವುದು ಕತೆ ಹೇಳುವ ಒಂದು ವಿಧಾನ, ಒಂದು ವಯಸ್ಸಿಗೆ ಮೀಸಲಾದ ಸರಕಲ್ಲ. 'ಸಿನಿಮಾ' ಎಂದ ಮಾತ್ರಕ್ಕೆ ಅದು ಭಕ್ತಿ ಚಿತ್ರವೋ ರಕ್ತ ಹರಿಯುವ ಚಿತ್ರವೋ ಹೇಗೆ ಗೊತ್ತಾಗುವುದಿಲ್ಲವೋ ಇದೂ ಹಾಗೆಯೇ.

ಫಾರ್ವರ್ಡ್ 1: "ಕಾರ್ಟೂನ್ ತಾನೆ, ಮಕ್ಕಳು ನೋಡಲಿ"

ಇದು ತಪ್ಪು. ಎರಡು ಕತೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಡೋರೆಮಾನ್ 22ನೇ ಶತಮಾನದಿಂದ ಬಂದ ರೋಬೊ ಬೆಕ್ಕು. ಕಾಲಯಾನದ ಯಂತ್ರವೂ ಅದರ ಬಳಿ ಇದೆ. ಅದು ಪಕ್ಕಾ ವೈಜ್ಞಾನಿಕ ಕಲ್ಪನೆಯ ಕತೆ, ಮಕ್ಕಳಿಗಾಗಿ ಬರೆದದ್ದು. 1988ರ 'ಅಕಿರಾ' ಚಿತ್ರವೂ ವೈಜ್ಞಾನಿಕ ಕಲ್ಪನೆಯೇ. ಅದರಲ್ಲಿ ನಗರವೇ ನಾಶವಾಗುತ್ತದೆ, ಮಕ್ಕಳ ಮೇಲೆ ಪ್ರಯೋಗ ನಡೆಯುತ್ತದೆ, ಒಬ್ಬ ಹುಡುಗನ ದೇಹ ಕಣ್ಣೆದುರೇ ವಿಕಾರವಾಗಿ ಬೆಳೆಯುತ್ತದೆ. ಎರಡೂ ಜಪಾನಿನವು, ಎರಡೂ ಕೈಯಲ್ಲಿ ಬಿಡಿಸಿದವು. ಎರಡನ್ನೂ 'ಕಾರ್ಟೂನ್' ಎಂಬ ಒಂದೇ ಹೆಸರಿನಿಂದ ಕರೆದರೆ ತೊಂದರೆ ಅಲ್ಲಿಂದಲೇ ಶುರು.

ಜಪಾನಿನ ಪ್ರಕಾಶಕರೇ ಓದುಗರನ್ನು ವಿಂಗಡಿಸಿದ್ದಾರೆ. ಹುಡುಗರಿಗೆ ಬರೆದದ್ದು ಶೋನೆನ್, ಹುಡುಗಿಯರಿಗೆ ಶೋಜೋ, ವಯಸ್ಕ ಗಂಡಸರಿಗೆ ಸೇನೆನ್, ವಯಸ್ಕ ಹೆಂಗಸರಿಗೆ ಜೋಸೇ. ಆದರೆ ಇದು ಯಾವ ಪತ್ರಿಕೆ ಯಾರಿಗೆ ಮಾರಾಟವಾಗುತ್ತದೆ ಎಂಬ ಲೆಕ್ಕ ಅಷ್ಟೆ, ಸೆನ್ಸಾರ್ ಪ್ರಮಾಣಪತ್ರವಲ್ಲ. ಮನುಷ್ಯರನ್ನು ದೈತ್ಯರು ಕಚ್ಚಿ ತಿನ್ನುವ 'ಅಟ್ಯಾಕ್ ಆನ್ ಟೈಟನ್' ಕೂಡ ಶೋನೆನ್ ಪಟ್ಟಿಯಲ್ಲೇ ಇದೆ!

ಈ ಗೊಂದಲ ನಮ್ಮ ದೇಶದಲ್ಲಿ ಒಮ್ಮೆ ದೊಡ್ಡ ಸುದ್ದಿಯೇ ಆಗಿತ್ತು. ಶಿನ್‌ಚಾನ್ ಕತೆ 1990ರಲ್ಲಿ ಶುರುವಾದದ್ದು ಜಪಾನಿನ ವಯಸ್ಕರ ಮಂಗಾ ಪತ್ರಿಕೆಯೊಂದರಲ್ಲಿ. ಇಲ್ಲಿ ಅದನ್ನು ಮಕ್ಕಳ ಚಾನೆಲ್‌ನಲ್ಲಿ ತೋರಿಸಿದಾಗ ಪೋಷಕರು ದೂರಿದರು. 2008ರಲ್ಲಿ ಪ್ರಸಾರ ನಿಂತಿತು. ಸಾಕಷ್ಟು ಕತ್ತರಿ ಹಾಕಿದ ಮೇಲೆ ಮತ್ತೆ ಬಂತು. ಟಿವಿಯಲ್ಲಿ ಹಾಗೆ ಕತ್ತರಿ ಹಾಕುವವರು ಇದ್ದರು. ಗುಂಪಿನಲ್ಲಿ ಬರುವ ಕ್ಲಿಪ್‌ಗೆ ಯಾರೂ ಇಲ್ಲ.

ಕನ್ನಡದ ಮನೆಗಳಲ್ಲಿ ಈ ತಪ್ಪು ಯಾಕೆ ಸುಲಭ?

ಕಾರಣ ಭಾಷೆ. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ವಿರೋಧವಿತ್ತು. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ ತೀರ್ಪು ಕೊಟ್ಟದ್ದು 2015ರ ಜುಲೈನಲ್ಲಿ. ಅದಕ್ಕೂ ಮೊದಲು, 2009ರಲ್ಲಿ ಬಂದ ಚಿಂಟು ಟಿವಿಯಿಂದ ಚಿಕ್ಕ ಮಕ್ಕಳಿಗೆ ಕನ್ನಡ ಮಾತಾಡುವ ಕಾರ್ಟೂನ್ ಸಿಕ್ಕಿತು. ದೊಡ್ಡವರ ಅನಿಮೆಗೆ ಆ ಭಾಗ್ಯ ಬರಲಿಲ್ಲ. ಅನಿಮೆ ಆ್ಯಪ್‌ಗಳು ಹಿಂದಿ, ತಮಿಳು, ತೆಲುಗಿನಲ್ಲಿ ಡಬ್ ಮಾಡುತ್ತಿವೆ, ಕನ್ನಡ ಮಾತ್ರ ಅಪರೂಪ.

ಹಾಗಾಗಿ ಕಲಬುರಗಿ ಕಡೆಯ ಹುಡುಗರು ಹಿಂದಿ ಡಬ್ ನೋಡುತ್ತಾರೆ, ಇಲ್ಲವೇ ಜಪಾನಿ ಮಾತಿಗೆ ಇಂಗ್ಲಿಷ್ ಅಕ್ಷರ ಓದುತ್ತಾರೆ. ಪಕ್ಕದಲ್ಲಿ ಹಾದುಹೋಗುವ ಅಪ್ಪ ಅಮ್ಮನಿಗೆ ಮಾತು ತಿಳಿಯುವುದಿಲ್ಲ. ದೊಡ್ಡ ಕಣ್ಣು, ಬಣ್ಣದ ಕೂದಲು ಕಾಣುತ್ತದೆ, ಮಕ್ಕಳದ್ದು ಎಂದು ಸುಮ್ಮನಾಗುತ್ತಾರೆ. ಕತೆ ತಮಗೆ ತಿಳಿಯುವ ಭಾಷೆಯಲ್ಲಿದ್ದಿದ್ದರೆ ಅರ್ಧ ನಿಮಿಷದಲ್ಲೇ ಗೊತ್ತಾಗುತ್ತಿತ್ತು.

ಫಾರ್ವರ್ಡ್ 2: "ಜಪಾನಿ ಕಾರ್ಟೂನ್ ಭವಿಷ್ಯ ಹೇಳಿತ್ತು"

2020ರಲ್ಲಿ ಒಂದು ಚಿತ್ರ ಜಗತ್ತೆಲ್ಲ ಸುತ್ತಿತು. ಅಕಿರಾದ ಕತೆ ನಡೆಯುವುದು 2019ರಲ್ಲಿ. ಅದರಲ್ಲಿ 2020ರ ಟೋಕಿಯೊ ಒಲಿಂಪಿಕ್ಸ್‌ಗೆ ಕ್ರೀಡಾಂಗಣ ಕಟ್ಟುತ್ತಿರುತ್ತಾರೆ. '147 ದಿನ ಬಾಕಿ' ಎಂಬ ಫಲಕದ ಕೆಳಗೆ ಯಾರೋ 'ರದ್ದು ಮಾಡಿ' ಎಂದು ಗೀಚಿದ್ದಾರೆ. ನಿಜಕ್ಕೂ ಟೋಕಿಯೊಗೆ 2020ರ ಒಲಿಂಪಿಕ್ಸ್ ಸಿಕ್ಕಿತ್ತು, ಕೊರೊನಾ ಬಂತು. ಅಷ್ಟೇ ಸಾಕಾಯಿತು, 'ಭವಿಷ್ಯವಾಣಿ' ಎಂಬ ತಲೆಬರಹ ಬಿತ್ತು.

ನಿಜ ಏನೆಂದರೆ, ಒಲಿಂಪಿಕ್ಸ್ ರದ್ದಾಗಲಿಲ್ಲ, ಮುಂದಕ್ಕೆ ಹೋಯಿತು. 2021ರ ಜುಲೈ 23ರಿಂದ ಆಗಸ್ಟ್ 8ರವರೆಗೆ ನಡೆಯಿತು. ನೀರಜ್ ಚೋಪ್ರಾ ಚಿನ್ನ ಗೆದ್ದದ್ದು ಅದೇ ಕೂಟದಲ್ಲಿ. ಅಕಿರಾದಲ್ಲಿ ನಗರವನ್ನು ನಾಶ ಮಾಡುವುದು ಸಾಂಕ್ರಾಮಿಕ ರೋಗವಲ್ಲ. ಚಿತ್ರದಲ್ಲಿ 1988ರಲ್ಲೇ ಟೋಕಿಯೊ ನಾಶವಾಗಿ ಮೂರನೇ ಮಹಾಯುದ್ಧ ನಡೆದಿರುತ್ತದೆ, ಅದು ನಡೆಯಲೇ ಇಲ್ಲ. ತಪ್ಪಾದ ಹತ್ತು ಮಾತು ಬಿಟ್ಟು ಹೊಂದುವ ಒಂದನ್ನು ಮಾತ್ರ ಎತ್ತಿ ತೋರಿಸಿದರೆ ಯಾವ ಕತೆಯೂ ಪಂಚಾಂಗದಂತೆ ಕಾಣುತ್ತದೆ.

ಒಲಿಂಪಿಕ್ಸ್ ಕಲ್ಪನೆ ಕತೆಗಾರ ಕತ್ಸುಹಿರೊ ಒಟೊಮೊಗೆ ಆಕಾಶದಿಂದ ಇಳಿದದ್ದೂ ಅಲ್ಲ. 1940ರಲ್ಲಿ ಟೋಕಿಯೊಗೆ ಗೊತ್ತಾಗಿದ್ದ ಒಲಿಂಪಿಕ್ಸ್ ಯುದ್ಧದಿಂದ ಕೈತಪ್ಪಿತ್ತು. 1964ರಲ್ಲಿ ಅದೇ ನಗರದಲ್ಲಿ ನಡೆದಿತ್ತು. ಯುದ್ಧದಲ್ಲಿ ಸುಟ್ಟ ಊರು ಮತ್ತೆ ಎದ್ದು ನಿಂತದ್ದರ ಗುರುತಾಗಿ ಒಲಿಂಪಿಕ್ಸ್ ಜಪಾನಿಯರ ನೆನಪಿನಲ್ಲಿ ಇದ್ದೇ ಇತ್ತು.

ಇದೇ ಜಾತಿಯ ಇನ್ನೊಂದು ಸಂದೇಶ 2025ರಲ್ಲಿ ಬಂತು. ರ್ಯೋ ತತ್ಸುಕಿ ಎಂಬ ಮಂಗಾ ಕಲಾವಿದೆ ತಮ್ಮ ಕನಸುಗಳನ್ನು ಆಧರಿಸಿ ಬರೆದ ಪುಸ್ತಕದಲ್ಲಿ 2025ರ ಜುಲೈನಲ್ಲಿ ಮಹಾ ದುರಂತ ಎಂದಿತ್ತು. ಜುಲೈ 5 ಎಂಬ ದಿನಾಂಕ ಜನರ ಬಾಯಲ್ಲಿ ಓಡಾಡಿ, ಕೆಲವರು ಜಪಾನ್ ಪ್ರವಾಸವನ್ನೇ ಕೈಬಿಟ್ಟರು. ಆ ದಿನ ಹಾಗೆಯೇ ಕಳೆಯಿತು. ಜುಲೈ 30ರಂದು ರಷ್ಯಾದ ಕಮ್ಚಟ್ಕಾದಲ್ಲಿ ದೊಡ್ಡ ಭೂಕಂಪವಾದಾಗ "ನೋಡಿ, ಹೇಳಿದ್ದು ಆಯಿತು" ಎಂದು ಹಳೆಯ ಸಂದೇಶವೇ ಮತ್ತೆ ಎದ್ದಿತು. ಸ್ಥಳ ಬೇರೆ, ದಿನ ಬೇರೆಯಾದರೂ ಫಾರ್ವರ್ಡ್‌ಗೆ ಅದು ಅಡ್ಡಿಯಾಗಲಿಲ್ಲ.

ಆಳಂದ ಕಡೆಯವರಿಗೆ ಈ ಮಾತು ಬರೀ ತಮಾಷೆಯಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಸಣ್ಣ ಕಂಪನಗಳಿಗೇ ಜನ ಮನೆಯ ಹೊರಗೆ ಮಲಗಿದರು. ಇಂಥ ಊರುಗಳಲ್ಲಿ 'ಇಂಥ ದಿನ ಭೂಕಂಪ' ಎಂಬ ಸಂದೇಶ ಜನರ ನಿದ್ದೆ ಕೆಡಿಸುತ್ತದೆ. ಭೂಕಂಪ ಎಲ್ಲಿ ಆಗಬಹುದು ಎಂಬ ಅಂದಾಜನ್ನು ವಿಜ್ಞಾನ ಕೊಡಬಲ್ಲದು. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ತೀವ್ರತೆ ಎಂದು ಮೊದಲೇ ಹೇಳುವ ವಿಧಾನ ಯಾವ ದೇಶದಲ್ಲೂ ಇಲ್ಲ. ದಿನಾಂಕ ಇರುವ ಭೂಕಂಪದ ಸಂದೇಶ ಬಂದರೆ ಅದು ಸುಳ್ಳೆಂದೇ ಅಳಿಸಿಬಿಡಿ.

ಫಾರ್ವರ್ಡ್ 3: "ಅನಿಮೆ ನೋಡಿದರೆ ಫಿಟ್ಸ್ ಬರುತ್ತದೆ"

ಇದರ ಹಿಂದೆ ಒಂದು ನಿಜ ಘಟನೆಯಿದೆ. 1997ರ ಡಿಸೆಂಬರ್ 16ರ ಸಂಜೆ ಜಪಾನಿನಲ್ಲಿ ಪೋಕೆಮಾನ್‌ನ ಒಂದು ಕಂತು ಪ್ರಸಾರವಾಯಿತು. ಪಾತ್ರಗಳು ಕಂಪ್ಯೂಟರ್ ಒಳಗೆ ಹೋಗುವ ಕತೆ. ಒಂದು ಸ್ಫೋಟದ ದೃಶ್ಯದಲ್ಲಿ ಕೆಂಪು ಮತ್ತು ನೀಲಿ ಬಣ್ಣ ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದವು. ಅಂದು 685 ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದರು. ಹೆಚ್ಚಿನವರು ಬೇಗ ಚೇತರಿಸಿಕೊಂಡರು. ಆ ಕಂತು ಮತ್ತೆ ಪ್ರಸಾರವಾಗಲೇ ಇಲ್ಲ. ಜಪಾನಿನ ಟಿವಿಯವರು 1998ರಲ್ಲಿ ಮಿನುಗುವ ಬೆಳಕಿಗೆ ನಿಯಮ ತಂದರು.

ಅಂದರೆ ಕಾರಣ ಅನಿಮೆ ಅಲ್ಲ, ಮಿನುಗುವ ಬೆಳಕು. ಮೂರ್ಛೆ ರೋಗ ಇರುವ ನೂರು ಜನರಲ್ಲಿ ಸುಮಾರು 3ರಿಂದ 5 ಜನರಿಗೆ ಇಂಥ ಬೆಳಕು ಫಿಟ್ಸ್ ತರಿಸಬಹುದು. ಮಕ್ಕಳು ಮತ್ತು ಹದಿಹರೆಯದವರಲ್ಲಿ ಇದು ಹೆಚ್ಚು. ಸೆಕೆಂಡಿಗೆ 3ರಿಂದ 30 ಬಾರಿ ಮಿನುಗುವ ಬೆಳಕೇ ಸಾಮಾನ್ಯವಾಗಿ ಅಪಾಯದ್ದು. ಅದು ಗೇಮ್‌ನಲ್ಲಿರಬಹುದು, ಮದುವೆಯ ಡಿಜೆ ಲೈಟಿನಲ್ಲಿರಬಹುದು, ಸಿನಿಮಾದಲ್ಲೂ ಇರಬಹುದು. ಮೂರ್ಛೆ ರೋಗವೇ ಇಲ್ಲದವರಿಗೆ ಅನಿಮೆ ನೋಡಿದ್ದರಿಂದ ಆ ರೋಗ ಅಂಟುವುದಿಲ್ಲ.

ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ ಇಷ್ಟು ಮಾಡಿ:

- ಕತ್ತಲಲ್ಲಿ ಪರದೆ ನೋಡಬೇಡಿ. ದೀಪ ಹಾಕಿ, ಪರದೆಯಿಂದ ದೂರ ಕೂತುಕೊಳ್ಳಿ.
- ಬೆಳಕು ಜೋರಾಗಿ ಮಿನುಗತೊಡಗಿದರೆ ಅಂಗೈಯಿಂದ ಒಂದು ಕಣ್ಣನ್ನು ಪೂರ್ತಿ ಮುಚ್ಚಿಕೊಂಡು ಮುಖ ಪಕ್ಕಕ್ಕೆ ತಿರುಗಿಸಿ.
- ರಾತ್ರಿಯಿಡೀ ಕಂತಿನ ಮೇಲೆ ಕಂತು ನೋಡಬೇಡಿ. ನಿದ್ದೆಗೆಟ್ಟರೂ ಫಿಟ್ಸ್ ಬರಬಹುದು.
- ಡಾಕ್ಟರ್ ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಎದುರಿಗೇ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಅಥವಾ ಬೀಗದ ಕೈ ಕೊಡುವುದು, ಚಪ್ಪಲಿ ಇಲ್ಲವೇ ಉಳ್ಳಾಗಡ್ಡಿ ಮೂಸಿಸುವುದು ನಮ್ಮಲ್ಲಿ ಇನ್ನೂ ಇದೆ. ಅದರಿಂದ ಏನೂ ಪ್ರಯೋಜನವಿಲ್ಲ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಕಬ್ಬಿಣ ಕೊಟ್ಟದ್ದರಿಂದ ನಿಂತಿತು ಎನ್ನುವುದು ನಂಬಿಕೆ ಮಾತ್ರ. ಬಾಯಿಗೆ ಚಮಚ, ಬಟ್ಟೆ, ನೀರು ಯಾವುದನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ತಾಗುವಂಥ ವಸ್ತುಗಳನ್ನು ದೂರ ಸರಿಸಿ, ತಲೆಯ ಕೆಳಗೆ ಮೆತ್ತಗಿನದು ಇಟ್ಟು, ನಡುಕ ನಿಂತ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೊಮ್ಮೆ ಬಂದರೆ ಅಥವಾ ಇದೇ ಮೊದಲ ಸಲವಾಗಿದ್ದರೆ 108ಕ್ಕೆ ಕರೆ ಮಾಡಿ.

ಹಾಗಾದರೆ ದೊಡ್ಡವರು ಏನು ನೋಡಬಹುದು?

ಮಕ್ಕಳಿಂದ ದೂರ ಇಡಬೇಕು ಎಂದರೆ ಅವು ಕೆಟ್ಟವು ಎಂದಲ್ಲ. ವಿಜ್ಞಾನ ಮುಂದಿಡುವ ಕಷ್ಟದ ಪ್ರಶ್ನೆಗಳನ್ನು ಇಷ್ಟು ಗಂಭೀರವಾಗಿ ಎತ್ತಿಕೊಂಡ ಕತೆಗಳು ಕಡಿಮೆ. ಅಭಿಮಾನಿಗಳ ಮಾತಿನಲ್ಲಿ ಮತ್ತೆ ಮತ್ತೆ ಬರುವ ಆರನ್ನು ಸೌಮ್ಯದಿಂದ ತೀವ್ರಕ್ಕೆ ಸಾಲಾಗಿ ಕೊಟ್ಟಿದ್ದೇವೆ. ಯಾವ ವಯಸ್ಸಿಗೆ ಎನ್ನುವುದು ನಮ್ಮ ಸಲಹೆ, ಸರ್ಕಾರಿ ಪ್ರಮಾಣಪತ್ರವಲ್ಲ.

ಪ್ಲಾನೆಟೀಸ್ (2003, 26 ಕಂತು). 2075ರಲ್ಲಿ ಬಾಹ್ಯಾಕಾಶದ ಕಸ ಎತ್ತುವ ಕೆಲಸಗಾರರ ಕತೆ. ಒಂದು ಸಣ್ಣ ಸ್ಕ್ರೂ ಬಡಿದು ಪ್ರಯಾಣಿಕರ ನೌಕೆ ನಾಶವಾಗುವುದರಿಂದ ಕತೆ ತೆರೆದುಕೊಳ್ಳುತ್ತದೆ. ಇದು ಉತ್ಪ್ರೇಕ್ಷೆಯಲ್ಲ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ವಸ್ತುಗಳು ಗಂಟೆಗೆ ಸುಮಾರು 27,000 ಕಿ.ಮೀ. ವೇಗದಲ್ಲಿ ಸುತ್ತುತ್ತವೆ. 2009ರ ಫೆಬ್ರವರಿ 10ರಂದು ಎರಡು ಉಪಗ್ರಹಗಳು ನಿಜವಾಗಿಯೂ ಡಿಕ್ಕಿಯಾಗಿ ಸಾವಿರಾರು ಚೂರುಗಳಾದವು. ನಮ್ಮ ಇಸ್ರೊ ಕೂಡ ಇಂಥ ಚೂರುಗಳ ಮೇಲೆ ಕಣ್ಣಿಡಲು 2022ರ ಜುಲೈನಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಒಂದು ಕೇಂದ್ರ ತೆರೆಯಿತು. ಅನಿಮೆ ಹೊಸದಾಗಿ ನೋಡುವವರು ಇದರಿಂದ ಶುರು ಮಾಡಲಿ. 13 ದಾಟಿದವರು ನೋಡಬಹುದು.

ಸ್ಟೈನ್ಸ್;ಗೇಟ್ (2011, 24 ಕಂತು). ಮೈಕ್ರೋವೇವ್ ಒಲೆಗೆ ಫೋನ್ ಜೋಡಿಸಿ ಹಿಂದಿನ ಕಾಲಕ್ಕೆ ಸಂದೇಶ ಕಳಿಸುವ ಗೆಳೆಯರ ಕತೆ. ಇದರಲ್ಲಿ ಬರುವ ಜಾನ್ ಟೈಟರ್ ಎಂಬ ಹೆಸರಿನ ಹಿಂದೆ ನಿಜವಾದ ಇಂಟರ್ನೆಟ್ ವದಂತಿ ಇದೆ. 2000–01ರಲ್ಲಿ ಯಾರೋ ಒಬ್ಬ ಆ ಹೆಸರಿನಲ್ಲಿ "ನಾನು 2036ರಿಂದ ಬಂದವನು" ಎಂದು ಬರೆಯುತ್ತಿದ್ದ. ಅಮೆರಿಕದಲ್ಲಿ ಅಂತರ್ಯುದ್ಧ ಆಗುತ್ತದೆ ಎಂದಿದ್ದ, ಆಗಲಿಲ್ಲ. ಮೊದಲ ಕೆಲವು ಕಂತು ನಿಧಾನ ಎಂಬ ದೂರು ಸರಿ. ಆಮೇಲೆ ಬಿಡಲಾಗುವುದಿಲ್ಲ ಎಂಬ ಮಾತೂ ಸರಿ. 16+.

ಪ್ಲೂಟೊ (2023, 8 ಕಂತು). ಯುದ್ಧ ಮುಗಿದ ಮೇಲೆ ಜಗತ್ತಿನ ಬಲಿಷ್ಠ ರೋಬೊಗಳು ಒಂದೊಂದಾಗಿ ಕೊಲೆಯಾಗುತ್ತವೆ. ತನಿಖೆ ಮಾಡುವವನೂ ರೋಬೊ. ಒಸಾಮು ತೆಜುಕಾ ಮಕ್ಕಳಿಗಾಗಿ ಬರೆದ 'ಆಸ್ಟ್ರೊ ಬಾಯ್' ಕತೆಯನ್ನೇ ನವೋಕಿ ಉರಸಾವಾ ದೊಡ್ಡವರಿಗಾಗಿ ಮತ್ತೆ ಬರೆದರು, ಅದರಿಂದ ಬಂದದ್ದು ಇದು. ಒಂದೇ ಕತೆ ಎರಡು ವಯಸ್ಸಿಗೆ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 16+.

ಲೇನ್ (1998, 13 ಕಂತು). ಸತ್ತ ಸಹಪಾಠಿಯಿಂದ ಇಮೇಲ್ ಬರುವ ಹುಡುಗಿಯ ಕತೆ. ಆನ್‌ಲೈನಿನಲ್ಲಿರುವ ನಾನು ಬೇರೆ, ಮನೆಯಲ್ಲಿರುವ ನಾನು ಬೇರೆಯೇ ಎಂದು ಸ್ಮಾರ್ಟ್‌ಫೋನ್ ಬರುವ ಮೊದಲೇ ಕೇಳಿದ ಸರಣಿ. ಆತ್ಮಹತ್ಯೆಯ ದೃಶ್ಯದಿಂದಲೇ ಶುರುವಾಗುತ್ತದೆ. ಮನಸ್ಸು ಕುಗ್ಗಿರುವ ದಿನಗಳಲ್ಲಿ ಯಾರೂ ಇದನ್ನು ನೋಡುವುದು ಬೇಡ. ಅಂಥ ಯೋಚನೆ ಕಾಡುತ್ತಿದ್ದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ವಯಸ್ಕರಿಗೆ ಮಾತ್ರ.

ಗೋಸ್ಟ್ ಇನ್ ದಿ ಶೆಲ್ (1995, ಚಿತ್ರ). ಮಿದುಳನ್ನೇ ನೆಟ್‌ವರ್ಕಿಗೆ ಜೋಡಿಸಿಕೊಂಡ 2029ರ ಜಗತ್ತು. ತನ್ನ ಹೆಂಡತಿ, ಮಗಳ ನೆನಪು ಯಾರೋ ತುಂಬಿದ ಸುಳ್ಳು ಎಂದು ಒಬ್ಬ ಕಸದ ಲಾರಿಯವನಿಗೆ ಗೊತ್ತಾಗುವ ದೃಶ್ಯವನ್ನು ಮರೆಯುವುದು ಕಷ್ಟ. ಇಂದಿನ ಮಿದುಳು ಚಿಪ್‌ಗಳಿಂದ ರೋಗಿಯೊಬ್ಬರು ಯೋಚನೆಯಿಂದಲೇ ಕಂಪ್ಯೂಟರಿನ ಕರ್ಸರ್ ಸರಿಸಬಹುದು. ಸುಳ್ಳು ನೆನಪು ತುಂಬುವ ಚಿಪ್ ಇಲ್ಲ, 'ಚಿಪ್ ಹಾಕಿ ಮನಸ್ಸು ಬದಲಿಸುತ್ತಾರೆ' ಎಂಬ ಫಾರ್ವರ್ಡ್ ಸುಳ್ಳು. ನಗ್ನತೆ, ಹಿಂಸೆ ಇದೆ. ವಯಸ್ಕರಿಗೆ ಮಾತ್ರ.

ಸೈಕೋ-ಪಾಸ್ (2012, ಮೊದಲ ಭಾಗ 22 ಕಂತು). ಯಾರು ಅಪರಾಧ ಮಾಡಬಹುದು ಎಂದು ಯಂತ್ರವೇ ಅಳೆದು, ಮಾಡುವ ಮೊದಲೇ ಹಿಡಿಯುವ ದೇಶ. ಯಂತ್ರ ಹೇಳಿದ್ದೆಲ್ಲ ನ್ಯಾಯವೇ ಎಂಬ ಪ್ರಶ್ನೆ ಇವತ್ತಿನ ಕೃತಕ ಬುದ್ಧಿಮತ್ತೆಯ ಕಾಲಕ್ಕೆ ಚೆನ್ನಾಗಿ ಹೊಂದುತ್ತದೆ. ಕ್ರೌರ್ಯ ಬಹಳ. ವಯಸ್ಕರಿಗೆ ಮಾತ್ರ.

ಫೋನಿನಲ್ಲಿ ಏನು ನೋಡಬೇಕು?

2021ರ ಐಟಿ ನಿಯಮಗಳ ಪ್ರಕಾರ ಒಟಿಟಿ ಆ್ಯಪ್‌ಗಳು ಪ್ರತಿ ಕಾರ್ಯಕ್ರಮಕ್ಕೂ ವಯಸ್ಸಿನ ಗುರುತು ಹಾಕಬೇಕು. ಒಟ್ಟು ಐದು ದರ್ಜೆ: ಯು, ಯು/ಎ 7+, ಯು/ಎ 13+, ಯು/ಎ 16+, ಮತ್ತು ಎ. ಕಾರ್ಯಕ್ರಮ ಶುರುವಾಗುವಾಗ ಈ ಗುರುತು ಪರದೆಯ ಮೇಲೆ ಬರುತ್ತದೆ, ಪಕ್ಕದಲ್ಲಿ ಹಿಂಸೆ, ಬೈಗುಳ, ನಗ್ನತೆ ಎಂಬ ವಿವರವೂ ಇರುತ್ತದೆ. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಪೋಷಕರ ಲಾಕ್ ಸೌಲಭ್ಯ ಕೊಡುವುದೂ ಕಡ್ಡಾಯ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಮಕ್ಕಳ ಪ್ರೊಫೈಲ್ ಬೇರೆ ಮಾಡಿ, ನಿಮ್ಮ ಪ್ರೊಫೈಲ್‌ಗೆ ಪಿನ್ ಹಾಕಿ. ಐದು ನಿಮಿಷದ ಕೆಲಸ.

ವಾಟ್ಸ್ಆ್ಯಪ್, ಟೆಲಿಗ್ರಾಂನಲ್ಲಿ ಕೈಯಿಂದ ಕೈಗೆ ಬರುವ ಕ್ಲಿಪ್‌ಗಳಿಗೆ ಈ ಗುರುತು ಇರುವುದಿಲ್ಲ. ಪೂರ್ತಿ ಸರಣಿ ಫ್ರೀ ಎನ್ನುವ ಲಿಂಕ್‌ಗಳಲ್ಲಿ ವೈರಸ್ ಇರುವ ಆ್ಯಪ್ ಕೂಡ ಬರಬಹುದು. 2017ರಲ್ಲಿ ಯೂಟ್ಯೂಬಿನಲ್ಲೇ ಮಕ್ಕಳ ಮೆಚ್ಚಿನ ಕಾರ್ಟೂನ್ ಪಾತ್ರಗಳನ್ನು ಬಳಸಿ ಮಾಡಿದ ಅಸಹ್ಯ ವಿಡಿಯೊಗಳು ಬಯಲಾಗಿದ್ದವು. ಹೊರಗಿನ ಚಿತ್ರ ನೋಡಿ ಒಳಗಿನ ಕತೆ ತೀರ್ಮಾನಿಸಲಾಗದು ಎನ್ನುವುದಕ್ಕೆ ಅದೂ ಸಾಕ್ಷಿ.

ಮನೆಯ ಹುಡುಗ ಅನಿಮೆ ನೋಡುತ್ತಿದ್ದರೆ ಫೋನ್ ಕಸಿದುಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ: ಇದರ ಹೆಸರೇನು? ಇದಕ್ಕೆ ಯಾವ ವಯಸ್ಸಿನ ಗುರುತಿದೆ? ಕತೆ ಏನು, ನಮ್ಮ ಮಾತಿನಲ್ಲಿ ಹೇಳು ನೋಡೋಣ? ಹೆಸರು ಗೊತ್ತಾದರೆ ವಯಸ್ಸಿನ ಗುರುತು ಹುಡುಕಬಹುದು. ಕತೆ ಕೇಳಿದರೆ ಅವನು ಏನು ನೋಡುತ್ತಿದ್ದಾನೆ, ಅದು ಅವನಿಗೆ ಎಷ್ಟು ತಿಳಿದಿದೆ ಎನ್ನುವುದು ನಿಮಗೂ ಗೊತ್ತಾಗುತ್ತದೆ.